ಲಾಯರ್ ಇಲ್ದೆ ನನ್ನ ಹೆಸರಿನ ನೆಗ್ಲೆಕ್ಟ್ ಫೈಂಡಿಂಗ್ (ಮಗುನ ಸರಿಯಾಗಿ ನೋಡ್ಕೊಂಡಿಲ್ಲ ಅನ್ನೋ ತೀರ್ಮಾನ) ತೆಗೆಸಿದೆ: ನ್ಯೂಯಾರ್ಕಲ್ಲಿ ನನ್ನ ಅನುಭವ

ಮಗಳಿಗೆ ಆಗ 8 ವರ್ಷ. ಮಲಗಿದ್ಲು, ಬಾಗಿಲು ಎಳ್ಕೊಂಡು ಬೇಸ್‌ಮೆಂಟಿಗೆ ಬಟ್ಟೆ ಮಷಿನಿಗೆ ಹಾಕೋಕೆ ಹೋದೆ, ಅಷ್ಟರಲ್ಲಿ ಎದ್ದು ಕಾರಿಡಾರಲ್ಲಿ ಅಳ್ತಾ ನಿಂತಿದಾಳೆ, ಯಾರೋ ಮಕ್ಕಳ ರಕ್ಷಣೆಯ ಹಾಟ್‌ಲೈನಿಗೆ ಫೋನ್ ಮಾಡಿದಾರೆ. ಎರಡು ತಿಂಗಳಿಗೆ ಇಲಾಖೆಯಿಂದ ಲೆಟರ್ ಬಂತು: ಇಂಡಿಕೇಟೆಡ್, ಅಂದ್ರೆ ದೂರಿಗೆ ಆಧಾರ ಇದೆ ಅಂತ. ನಾನೋ ಪ್ರೀಸ್ಕೂಲ್ ಕೆಲಸಕ್ಕೆ ಸೇರ್ಬೇಕಾದವಳು, ಕೆಲಸಕ್ಕೆ ಮುಂಚೆ ಮಾಡೋ ಕ್ಲಿಯರೆನ್ಸ್ ಚೆಕ್ಕಲ್ಲಿ ಇದು ಕಾಣ್ಸತ್ತೆ. ನಮ್ಮನೆಯವ್ರು, ಪರಿಚಯದವ್ರು ಎಲ್ರದ್ದೂ ಒಂದೇ ಮಾತು, "ಸರ್ಕಾರದ ಜೊತೆ ಯಾಕೆ ಗುದ್ದಾಟ, ನೆಗ್ಲೆಕ್ಟ್ ಆದ್ರೆ 8 ವರ್ಷ ಆದ್ಮೇಲೆ ಕೆಲಸದ ಚೆಕ್ಕಲ್ಲಿ ಬರಲ್ಲ, ಸುಮ್ನಿರು". 8 ವರ್ಷ ಸುಮ್ನಿರೋದಾ!

ಲಾಯರ್ 7-8 ಸಾವಿರ ಡಾಲರ್ ಕೇಳಿದ್ರು. ಒಂದ್ ಗಂಟೆ ಸಲಹೆಗೆ 250 ಕೊಟ್ಟು ಬಂದೆ, ಅಷ್ಟೇ. 90 ದಿನದ ಗಡುವಲ್ಲಿ 80ನೇ ದಿನವೋ ಏನೋ ಆ ತೀರ್ಮಾನ ಬದಲಿಸಿ ಅಂತ ರಿಕ್ವೆಸ್ಟ್ ಹಾಕಿದ್ದು, ಅದೂ ತಪ್ಪು ರೀತೀಲಿ: 14 ಪೇಜ್ ನನ್ನ ಗೋಳು, ಜೊತೆಗೆ ಒಳ್ಳೆ ತಾಯಿ ಅಂತ 20 ಜನರ ಪತ್ರ. ಮೊದಲ ಹಂತದ ರಿವ್ಯೂನಲ್ಲಿ ಸೋತೆ. ನಾನು ಒಳ್ಳೆಯವಳಾ ಅಂತ ಅಲ್ಲಿ ಯಾರೂ ಕೇಳ್ತಿಲ್ಲ, ಮಗುಗೆ ಹಾನಿ ಆಯ್ತಾ, ಇಲ್ಲ ಆಗೋ ಅಪಾಯ ಎದುರಿಗೇ ಇತ್ತಾ, ಅದಷ್ಟೇ ಪ್ರಶ್ನೆ (ನ್ಯೂಯಾರ್ಕಿನ ಅತ್ಯುನ್ನತ ಕೋರ್ಟಿನ 2004ರ ನಿಕಲ್ಸನ್ ತೀರ್ಪು ಓದ್ಕೊಳ್ಳಿ).

ಮುಂದಿನ ಹಂತ ಹಿಯರಿಂಗ್, ಅಂದ್ರೆ ವಿಚಾರಣೆ. ಅದಕ್ಕೆ ಮುಂಚೆ ಇಲಾಖೆಯವರದ್ದೇ ಕೇಸ್ ನೋಟ್ಸ್ ತರಿಸ್ಕೊಂಡೆ, 60 ಪೇಜ್ ಇರ್ಬಹುದು, ಪೆನ್ಸಿಲ್ ಹಿಡ್ಕೊಂಡು ಮೂರ್ ರಾತ್ರಿ ಓದಿದೆ. "ಮಗು ಅಮ್ಮನ ಫೋನ್ ನಂಬರ್ ತಪ್ಪಿಲ್ದೆ ಹೇಳಿದಳು, ಮನೇಲಿ ಅಪಾಯದ್ದೇನೂ ಕಂಡಿಲ್ಲ" ಅಂತ ಅವರೇ ಬರೆದಿದಾರೆ! 40 ನಿಮಿಷ ಒಬ್ಳೇ ಇದ್ಲು ಅನ್ನೋದು ಫೋನ್ ಮಾಡಿದವರ ಅಂದಾಜು ಮಾತ್ರ. ನನ್ನ ಲಾಂಡ್ರಿ ಕಾರ್ಡ್ ಲೆಕ್ಕದಲ್ಲಿ ಮಷಿನ್ ಶುರುವಾದ ಟೈಮ್ ಇತ್ತು, ಮಗಳು ನನಗೆ ಕರೆ ಮಾಡಿದ್ದು ಅದಾಗಿ 6 ನಿಮಿಷಕ್ಕೆ.

ಹಿಯರಿಂಗ್ ಫೋನಲ್ಲೇ, ಒಂದೂವರೆ ಗಂಟೆ. ಸಾಬೀತು ಮಾಡೋ ಭಾರ ಇಲಾಖೆಯವರ ಮೇಲೆ, 2022ರ ಜನವರಿಯಿಂದ ಮೊದಲಿನ ಹಾಗೆ 'ಒಂಚೂರು ನಂಬೋ ಹಾಗಿರೋ ಪುರಾವೆ' ಸಾಲಲ್ಲ, ಪುರಾವೆಯ ತೂಕ ಅವರ ಕಡೆ ಹೆಚ್ಚಿರ್ಬೇಕು. ಫ್ಯಾಮಿಲಿ ಕೋರ್ಟಲ್ಲಿ ಅದೇ ಆರೋಪ ಸಾಬೀತಾಗಿದ್ರೆ ಮಾತ್ರ ಈ ದಾರಿ ನಡಿಯಲ್ಲ.

ಎರಡ್ ತಿಂಗಳಿಗೆ ಆರ್ಡರ್ ಬಂತು: ಅನ್‌ಫೌಂಡೆಡ್ (ಆರೋಪಕ್ಕೆ ಆಧಾರ ಇಲ್ಲ), ರೆಕಾರ್ಡ್ ಸೀಲ್. ಪೋಸ್ಟ್, ಜೆರಾಕ್ಸ್ ಎಲ್ಲಾ ಸೇರಿ 350 ಡಾಲರ್ ಒಳಗೇ ಮುಗೀತು. ಕ್ಲಿಯರೆನ್ಸ್ ಬಂದ ವಾರನೇ ಕೆಲಸಕ್ಕೆ ಸೇರಿದೆ.