ಮುಹೂರ್ತದಿಂದ ಹಿಂದಕ್ಕೆ ಎಣಿಸುವ ಕೆಲಸ

ಮದುವೆ ಮೇಕಪ್‌ಗೆ ಅಂತ ಯಾರಾದರೂ ಫೋನ್ ಮಾಡಿದರೆ ನನ್ನ ಮೊದಲ ಪ್ರಶ್ನೆ ಒಂದೇ: ಮುಹೂರ್ತ ಎಷ್ಟು ಗಂಟೆಗೆ? ಸೀರೆ ಬಣ್ಣ, ಒಡವೆ, ರೇಟು ಎಲ್ಲ ಆಮೇಲೆ. ಮೈಸೂರಿನ ಹೆಬ್ಬಾಳದ ಕಡೆ ವಾರಕ್ಕೆ ಐದು ದಿನ ಕಂಪನಿ ಕೆಲಸ ಇಟ್ಟುಕೊಂಡು ಈ ಕೆಲಸವನ್ನೂ ಮಾಡುವವರಿಗೆ ಕೈಯಲ್ಲಿರುವ ಬಂಡವಾಳ ಅಂದರೆ ಗಂಟೆಗಳು. ಬೇಸ್, ಅಂದರೆ ಮುಖದ ಮೇಲಿನ ಫೌಂಡೇಶನ್ ಪದರ, ಹಾಕುವುದನ್ನು ಆರು ತಿಂಗಳಲ್ಲಿ ಕಲಿಯಬಹುದು, ಗಂಟೆ ಹೊಂದಿಸುವುದನ್ನು ಕಲಿಯಲು ಒಂದು ಪೂರಾ ಸೀಸನ್ ಬೇಕು.

ಮುಹೂರ್ತ ಬೆಳಿಗ್ಗೆ 6:30ಕ್ಕೆ ಅಂತಿಟ್ಟುಕೊಳ್ಳಿ. ಅದಕ್ಕೂ ಮುಂಚೆ ಗೌರಿಪೂಜೆ ಇದೆ, ಫೋಟೋದವರಿಗೆ ಹದಿನೈದು ನಿಮಿಷವಾದರೂ ಬೇಕು. ಹಾಗಾಗಿ 5:15ಕ್ಕೆ ಹುಡುಗಿ ರೂಮಿನಿಂದ ಆಚೆ ಬರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಹೋಗಿ. ಒಡವೆ ಮತ್ತು ಹೂವಿಗೆ 20 ನಿಮಿಷ, ಸೀರೆಗೆ 25, ತಲೆಗೆ 40, ಮುಖಕ್ಕೆ 70, ಚರ್ಮ ಸಿದ್ಧ ಮಾಡಲು 20, ಕಿಟ್ ಬಿಚ್ಚಿ ದೀಪ ನಿಲ್ಲಿಸಲು 15. ಲೆಕ್ಕ 2:05ಕ್ಕೆ ಬಂದು ನಿಲ್ಲುತ್ತದೆ. ರಾತ್ರಿ 2 ಗಂಟೆಗೆ ನಾನು ಛತ್ರದಲ್ಲಿದ್ದರೆ ಸಾಲದು, ಹುಡುಗಿಯೂ ಸ್ನಾನ ಮುಗಿಸಿ, ತಲೆ ಒಣಗಿಸಿಕೊಂಡು, ರವಿಕೆ ಮತ್ತು ಲಂಗ ತೊಟ್ಟು ಕುರ್ಚಿಯಲ್ಲಿ ಕೂತಿರಬೇಕು. ಹೆಚ್ಚಿನ ಮದುವೆಗಳಲ್ಲಿ ಸಮಯ ಹಾಳಾಗುವುದು ಇಲ್ಲೇ. ಎಣ್ಣೆ ಅರಿಶಿನದ ಶಾಸ್ತ್ರ ತಡವಾಗುತ್ತದೆ, ಒದ್ದೆ ತಲೆಯಲ್ಲೇ ಹುಡುಗಿ ಬರುತ್ತಾಳೆ, ಡ್ರೈಯರ್ ಹಿಡಿಯುವುದಕ್ಕೇ ಇಪ್ಪತ್ತು ನಿಮಿಷ ಹೋಗುತ್ತದೆ. ಆ ಇಪ್ಪತ್ತು ನಿಮಿಷವನ್ನು ಕೊನೆಗೆ ಮುಖದ ಎಪ್ಪತ್ತರಿಂದಲೇ ಕಡಿಯಬೇಕು. ಆದ್ದರಿಂದ ಟ್ರಯಲ್ ದಿನವೇ, ಅಂದರೆ ಮದುವೆಗೆ ಮುಂಚೆ ಒಮ್ಮೆ ಮೇಕಪ್ ಹಾಕಿ ನೋಡುವ ದಿನವೇ, ಹುಡುಗಿಯ ತಾಯಿಯ ಜೊತೆ ಕೂತು ಶಾಸ್ತ್ರಗಳ ಪಟ್ಟಿ ಬರೆದುಕೊಳ್ಳುತ್ತೇನೆ, ಯಾವುದು ಎಷ್ಟು ಹೊತ್ತಿಗೆ ಅಂತ. ಮನೆ ಮನೆಗೂ ಪದ್ಧತಿ ಬೇರೆ. ಕೇಳದೆ ಊಹಿಸಬೇಡಿ.

ಅರಿಶಿನದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಕೋರ್ಸುಗಳಲ್ಲಿ ಇದಕ್ಕೆ ಕೊಡುವ ಸಮಯ ಕಮ್ಮಿ. ಶಾಸ್ತ್ರದಲ್ಲಿ ಹಚ್ಚಿದ ಅರಿಶಿನ ಮುಖದ ಮೇಲೆ, ಅದರಲ್ಲೂ ಕೂದಲಿನ ಅಂಚು, ಮೂಗಿನ ಪಕ್ಕ ಮತ್ತು ಕಿವಿಯ ಹತ್ತಿರ ಹಳದಿಯಾಗಿ ಉಳಿಯುತ್ತದೆ. ಸೋಪು ಹಾಕಿ ಉಜ್ಜಿದರೆ ಹೋಗುವುದಿಲ್ಲ. ಅರಿಶಿನದ ಬಣ್ಣ ನೀರಿನಲ್ಲಿ ಕರಗುವಂಥದ್ದಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅಲ್ಲದೆ ಸೋಪಿನ ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ. ಬಟ್ಟೆಯ ಮೇಲಿನ ಅರಿಶಿನದ ಕಲೆಗೆ ಸೋಪು ಹಾಕಿದಾಗ ಕೆಂಪಗಾಗುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ನೋಡಿದ್ದೇವೆ, ಓಕುಳಿ ನೀರಿಗೆ ಸುಣ್ಣ ಹಾಕುವುದೂ ಅದಕ್ಕೇ. ನಾನು ಮಾಡುವುದು ಇಷ್ಟು: ಒಂದು ಚಮಚದಷ್ಟು ಕೊಬ್ಬರಿ ಎಣ್ಣೆ ಅಥವಾ ಕ್ಲೆನ್ಸಿಂಗ್ ಬಾಮ್ ತೆಗೆದುಕೊಂಡು ಬೆರಳ ತುದಿಯಲ್ಲಿ ಎರಡು ನಿಮಿಷ ಹಗುರವಾಗಿ ಆಡಿಸಿ, ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯುವುದು. ಎರಡನೇ ಸಲ ಹಾಗೇ ಮಾಡುವುದು. ಆಮೇಲೆ ಸೌಮ್ಯವಾದ ಫೇಸ್‌ವಾಶ್. ಎಣ್ಣೆಯ ಜಿಡ್ಡು ಉಳಿದರೆ ಮೇಲೆ ಹಾಕಿದ ಬೇಸ್ ಜಾರುತ್ತದೆ, ಹಾಗಾಗಿ ಫೇಸ್‌ವಾಶ್ ಬಿಡುವ ಹಾಗಿಲ್ಲ. ಇಷ್ಟಾದ ಮೇಲೂ ಹಳದಿ ಛಾಯೆ ಇದ್ದರೆ ಆ ಜಾಗಕ್ಕೆ ಮಾತ್ರ ತೆಳು ನೇರಳೆ ಕರೆಕ್ಟರ್ (ಚರ್ಮದ ಬೇಡದ ಬಣ್ಣ ಮರೆಸುವ ಕ್ರೀಮು), ಅಕ್ಕಿ ಕಾಳಿನಷ್ಟು ಸಾಕು. ಉಜ್ಜಿ ಉಜ್ಜಿ ತೆಗೆಯಲು ಹೋದರೆ ಚರ್ಮ ಕೆಂಪೇರುತ್ತದೆ, ಅರ್ಧ ಗಂಟೆ ಕಾದರೂ ಇಳಿಯುವುದಿಲ್ಲ.

ಮಾಯಿಶ್ಚರೈಸರ್ ಹಚ್ಚಿ ಐದು ನಿಮಿಷ ಬಿಡಿ. ಆ ಐದು ನಿಮಿಷದಲ್ಲಿ ಹುಬ್ಬಿನ ಕೆಲಸ ಮುಗಿಸಬಹುದು. ಪ್ರೈಮರ್ (ಫೌಂಡೇಶನ್‌ಗೆ ಮುಂಚೆ ಹಚ್ಚುವುದು) ಸಿಲಿಕೋನಿನದಾದರೆ ಮೇಲಿನ ಫೌಂಡೇಶನ್ ಕೂಡ ಸಿಲಿಕೋನಿನದೇ ಇರಲಿ. ಒಂದು ನೀರಿನದು, ಒಂದು ಸಿಲಿಕೋನಿನದು ಆದಾಗ ಸ್ಪಂಜು ಒತ್ತಿದ ಕಡೆ ಬೇಸ್ ಸಣ್ಣ ಸಣ್ಣ ಉಂಡೆಯಾಗಿ ಏಳುವುದುಂಟು. ಕಣ್ಣಿನ ಕೆಳಗೆ ಮತ್ತು ಬಾಯಿಯ ಸುತ್ತ ಇರುವ ಕಪ್ಪಿಗೆ ಕಿತ್ತಳೆ ಕರೆಕ್ಟರ್, ಅದೂ ಎಷ್ಟು ತೆಳು ಅಂದರೆ ಕೆಳಗಿನ ಚರ್ಮ ಕಾಣುತ್ತಿರಬೇಕು. ದಪ್ಪ ಆದರೆ ಮಧ್ಯಾಹ್ನದ ಹೊತ್ತಿಗೆ ಅದೇ ಕಿತ್ತಳೆ ಮೇಲೆದ್ದು ಬರುತ್ತದೆ. ಫೌಂಡೇಶನ್ ಮುಖಕ್ಕೂ ಕತ್ತಿಗೂ ಸೇರಿ ಸುಮಾರು ಒಂದೂವರೆ ಮಿಲಿ ಸಾಕು. ಒಂದೇ ದಪ್ಪ ಪದರದ ಬದಲು ಎರಡು ತೆಳು ಪದರ, ನಡುವೆ ಸೆಟಿಂಗ್ ಸ್ಪ್ರೇ ಒಂದು ಅಡಿ ದೂರದಿಂದ. ಹಣೆಯ ಮೇಲೆ ಇನ್ನೂ ತೆಳುವಾಗಿರಲಿ. ಅಲ್ಲಿ ಬಾಸಿಂಗ ಕೂರುತ್ತದೆ, ಬಿಚ್ಚುವಾಗ ದಪ್ಪ ಬೇಸ್ ಪಟ್ಟಿ ಪಟ್ಟಿಯಾಗಿ ಅದರ ಜೊತೆಗೇ ಎದ್ದು ಬರುತ್ತದೆ.

ಬಣ್ಣದ ಮಾತು ಬಂದಾಗ ರೂಮಿನಲ್ಲಿರುವ ದೊಡ್ಡವರು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: "ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಮಾಡಮ್ಮ." ಇದಕ್ಕೆ ಒಪ್ಪಿಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಶೇಡ್ ಮೇಲಕ್ಕೆ ಹೋದ ಮುಖ ಕ್ಯಾಮೆರಾದ ಬೆಳಕಿನಲ್ಲಿ ಬೂದಿ ಬಳಿದ ಹಾಗೆ ಕಾಣುತ್ತದೆ, ಧಾರೆಯ ಫೋಟೋದಲ್ಲಿ ಕೈ ಒಂದು ಬಣ್ಣ, ಮುಖ ಒಂದು ಬಣ್ಣ. ನಾನು ಹೇಳುವುದು: "ಅಮ್ಮ, ಇವಳ ಬಣ್ಣದಲ್ಲೇ ಕಳೆ ಬರಿಸ್ತೀನಿ, ಒಂದು ಫೋಟೋ ತೆಗೆದು ತೋರಿಸ್ತೀನಿ, ಆಮೇಲೆ ನೀವೇ ಹೇಳಿ." ಶೇಡ್ ಹೊಂದಿಸುವುದು ಕೆನ್ನೆಗಲ್ಲ, ಕತ್ತು ಮತ್ತು ಎದೆಯ ಮೇಲ್ಭಾಗಕ್ಕೆ. ಬೇಸ್ ಮುಗಿದ ಕೂಡಲೇ ರೂಮಿನ ದೀಪ ಆರಿಸಿ, ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಯಿರಿ. ಕಣ್ಣಿನ ಕೆಳಗೆ ಬಿಳಿ ತೇಪೆ ಕಂಡರೆ ಅದು ಸಿಲಿಕಾ ಇರುವ ಪೌಡರಿನ ಕೆಲಸ. ಮುಖವೆಲ್ಲ ಬಿಳಿಚಿಕೊಂಡರೆ ಸತು ಅಥವಾ ಟೈಟಾನಿಯಂ ಇರುವ ಸನ್‌ಸ್ಕ್ರೀನ್‌ನದು. ಆಗಲೇ ಒರೆಸಿ ಸರಿಪಡಿಸಬಹುದು, ಆಲ್ಬಂ ಬಂದ ಮೇಲೆ ಆಗುವುದಿಲ್ಲ.

ಕಣ್ಣಿನ ಕೆಲಸಕ್ಕೆ ಹೋಮದ ಹೊಗೆ ನೆನಪಿರಲಿ. ಕೆಳರೆಪ್ಪೆಯ ಒಳ ಅಂಚಿಗೆ ಕಾಡಿಗೆ ಹಾಕಿದರೆ ಹೊಗೆಗೆ ಬಂದ ನೀರಿನ ಜೊತೆ ಹತ್ತು ನಿಮಿಷದಲ್ಲಿ ಕೆನ್ನೆಗೆ ಇಳಿಯುತ್ತದೆ. ಮೇಲ್ರೆಪ್ಪೆಯ ಬುಡಕ್ಕೆ ವಾಟರ್‌ಪ್ರೂಫ್ ಪೆನ್ಸಿಲ್, ಅದರ ಮೇಲೆ ಕಪ್ಪು ಐಶ್ಯಾಡೋ ಒತ್ತಿ ಕೂರಿಸಿ. ಕೆಳಗೆ ಕಂದು ಪುಡಿಯ ನೆರಳು ಸಾಕು. ಕೃತಕ ರೆಪ್ಪೆಗೆ ಅಂಟು ಹಚ್ಚಿ ಮೂವತ್ತು ಸೆಕೆಂಡು ಗಾಳಿಗೆ ಹಿಡಿದು ಆಮೇಲೆ ಕೂರಿಸಿ. ಹಸಿ ಅಂಟಿನಲ್ಲೇ ಕೂರಿಸಿದರೆ ಅದು ಜಾರಿ, ಮೂಗಿನ ಕಡೆಯ ತುದಿ ಮೊದಲು ಬಿಟ್ಟುಕೊಳ್ಳುತ್ತದೆ. ಅಂಟಿನಲ್ಲಿ ಲೇಟೆಕ್ಸ್ ಇರುವುದುಂಟು, ಕೆಲವರಿಗೆ ಆಗುವುದಿಲ್ಲ. ಹೊಸ ಸಾಮಾನು ಯಾವುದೇ ಇರಲಿ, ಟ್ರಯಲ್ ದಿನ ಕಿವಿಯ ಹಿಂದೆ ಹಚ್ಚಿ 24 ಗಂಟೆ ಕಾದು ನೋಡಿದ್ದರೆ ಮಾತ್ರ ಮದುವೆ ದಿನ ಬಳಸುವುದು. ಫೇಶಿಯಲ್, ಬ್ಲೀಚ್ ಎಲ್ಲ ವಾರದ ಮುಂಚೆಯೇ ಮುಗಿದಿರಲಿ, ಥ್ರೆಡಿಂಗ್ ಮೂರು ದಿನದ ಮುಂಚೆ.

ತಲೆಗೆ ಬಂದರೆ, ಮೊಗ್ಗಿನ ಜಡೆ ಭಾರ. ಚೌರಿ ಸೇರಿಸಿ ಹೆಣೆದ ಜಡೆಗೆ ಕುತ್ತಿಗೆಯ ಹತ್ತಿರ ಎರಡು ರಬ್ಬರು, ಪಿನ್ನುಗಳನ್ನು ಒಂದರ ಮೇಲೊಂದು ಅಡ್ಡ ಸಿಕ್ಕಿಸಿದರೆ ಮಾತ್ರ ಊಟದ ಹೊತ್ತಿನವರೆಗೂ ನಿಲ್ಲುತ್ತದೆ. ಹೂವನ್ನು ದೇವರಾಜ ಮಾರುಕಟ್ಟೆಯಲ್ಲಿ ಎರಡು ದಿನ ಮುಂಚೆ ಹೇಳಿ, ಹಿಂದಿನ ಸಂಜೆ ಬಿಗಿ ಮೊಗ್ಗಿನಲ್ಲೇ ತಂದು, ಒದ್ದೆ ಬಟ್ಟೆ ಸುತ್ತಿ ಇಡಬೇಕು. ರಾತ್ರಿ ಸೆಕೆಗೆ ಬಿಟ್ಟರೆ ಬೆಳಿಗ್ಗೆಯೊಳಗೆ ಅರಳಿ ಸಡಿಲವಾಗುತ್ತದೆ. ನೆತ್ತಿಯ ಮೇಲೆ ಹೇರ್ ಸ್ಪ್ರೇ ಕಮ್ಮಿ ಇರಲಿ. ಜೀರಿಗೆ ಬೆಲ್ಲ ಬೀಳುವುದು ಅಲ್ಲಿಗೇ, ಸ್ಪ್ರೇ ಮತ್ತು ಬೆಲ್ಲ ಸೇರಿ ಒಣಗಿದರೆ ಕೂದಲು ಕಿತ್ತೇ ಬಿಡಿಸಬೇಕು. ಧಾರೆ ಆದ ತಕ್ಷಣ ಒದ್ದೆ ಟಿಶ್ಯೂದಲ್ಲಿ ಒತ್ತಿ ತೆಗೆದುಬಿಡಿ.

ಸೀರೆಯಲ್ಲಿ ಎರಡು ಜಾತಿ ಕಷ್ಟ. ಕಂಚಿ ರೇಷ್ಮೆ ಸೆಟೆದು ನಿಲ್ಲುತ್ತದೆ, ಮೈಸೂರು ಸಿಲ್ಕ್ ಕ್ರೇಪ್ ನೂಲಿನದಾದ್ದರಿಂದ ಜಾರುತ್ತದೆ. ಕಂಚಿಗೆ ಹಿಂದಿನ ಸಂಜೆಯೇ ಸೆರಗಿನ ನೆರಿಗೆ ಹಿಡಿದು, ಹಬೆ ಇಸ್ತ್ರಿ ಮಾಡಿ, ಕ್ಲಿಪ್ಪು ಹಾಕಿ ಮಡಿಸಿಟ್ಟರೆ ಬೆಳಿಗ್ಗೆ 25 ನಿಮಿಷದ ಕೆಲಸ 12ಕ್ಕೆ ಇಳಿಯುತ್ತದೆ. ಮೈಸೂರು ಸಿಲ್ಕಿಗೆ ಪಿನ್ನು ನೇರವಾಗಿ ಚುಚ್ಚಬೇಡಿ, ಎಳೆ ಹರಿಯುತ್ತದೆ. ಒಳಗಿನಿಂದ ಚಿಕ್ಕ ಬಟ್ಟೆ ತುಂಡು ಕೊಟ್ಟು ಅದರ ಮೇಲೆ ಸಿಕ್ಕಿಸಿ. ಇನ್ನು ಧಾರೆ ಸೀರೆ. ಗಂಡಿನ ಕಡೆಯವರು ಕೊಟ್ಟ ಸೀರೆಯನ್ನು ಮುಹೂರ್ತಕ್ಕೆ ಸ್ವಲ್ಪ ಮುಂಚೆ ಉಡಿಸುವ ಮನೆಗಳಲ್ಲಿ ಸಿಗುವುದು ಹದಿನೈದು ನಿಮಿಷ. ಅದನ್ನೂ ಹಿಂದಿನ ರಾತ್ರಿಯೇ ಕೇಳಿ ಪಡೆದು ನೆರಿಗೆ ಮಾಡಿಟ್ಟುಕೊಳ್ಳುತ್ತೇನೆ. ಕೇಳಿದರೆ ಸಂತೋಷವಾಗಿಯೇ ಕೊಡುತ್ತಾರೆ.

ಛತ್ರದ ರೂಮುಗಳಲ್ಲಿ ಹಳದಿ ಬಲ್ಬು, ಇಲ್ಲವೇ ನೀಲಿ ಹೊಡೆಯುವ ಟ್ಯೂಬು. ಎರಡರಲ್ಲೂ ಶೇಡ್ ಮೋಸ ಮಾಡುತ್ತದೆ. ಹಗಲು ಬೆಳಕಿನ, ಅಂದರೆ 5000ದಿಂದ 5500 ಕೆಲ್ವಿನ್‌ನ ಎರಡು ದೀಪ, ಎಡಕ್ಕೊಂದು ಬಲಕ್ಕೊಂದು. ಜೊತೆಗೆ ಐದು ಮೀಟರಿನ ಎಕ್ಸ್‌ಟೆನ್ಶನ್ ಬೋರ್ಡು ನಿಮ್ಮದೇ ಇರಲಿ. ಡ್ರೈಯರ್, ಸ್ಟ್ರೇಟ್ನರ್, ಇಸ್ತ್ರಿಪೆಟ್ಟಿಗೆ ಮೂರನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದರೆ ಟ್ರಿಪ್ ಆಗುತ್ತದೆ, ರಾತ್ರಿ 3 ಗಂಟೆಗೆ ಛತ್ರದ ಮೇಲ್ವಿಚಾರಕರನ್ನು ಎಬ್ಬಿಸಬೇಕಾಗುತ್ತದೆ.

ಕಿಟ್ ದೊಡ್ಡದಾಗಬೇಕಿಲ್ಲ. ಫೌಂಡೇಶನ್ ನಾಲ್ಕು ಶೇಡ್ ಇದ್ದರೆ ಸ್ಟೀಲ್ ತಟ್ಟೆಯ ಮೇಲೆ ಬೆರೆಸಿ ನಮ್ಮ ಕಡೆಯ ಹೆಚ್ಚಿನ ಮೈಬಣ್ಣಗಳಿಗೆ ಹೊಂದಿಸಬಹುದು. ಹಣ ಹಾಕುವುದಿದ್ದರೆ ಬೇಸ್‌ಗೆ ಹಾಕಿ, ಐಶ್ಯಾಡೋ ಅಗ್ಗದ್ದಾದರೂ ನಡೆಯುತ್ತದೆ. ಕ್ರೀಮು, ಲಿಪ್‌ಸ್ಟಿಕ್ ಯಾವುದನ್ನೂ ಡಬ್ಬಿಯಿಂದ ನೇರ ಮುಖಕ್ಕೆ ತಾಗಿಸಬೇಡಿ, ಚಮಚೆಯಿಂದ ತಟ್ಟೆಗೆ ತೆಗೆದುಕೊಳ್ಳಿ. ಮಸ್ಕಾರಾಕ್ಕೆ ಒಬ್ಬರಿಗೊಂದು ಬಿಸಾಡುವ ಬ್ರಶ್, ಮತ್ತೆ ಬಾಟಲಿಗೆ ಅದ್ದುವುದಾದರೆ ಇನ್ನೊಂದು. ತೆರೆದ ಮಸ್ಕಾರಾ ಮೂರು ತಿಂಗಳಿಗೆ ಮುಗಿಯಿತು ಅಂತಲೇ ಲೆಕ್ಕ. ಶುಚಿ ಮಾಡಲು 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್. 99ರದ್ದು ಹೆಚ್ಚು ಪ್ರಬಲ ಅಂದುಕೊಂಡು ಕೊಳ್ಳುವವರಿದ್ದಾರೆ, ಆದರೆ ಅದು ಕ್ರಿಮಿ ಸಾಯುವ ಮುಂಚೆಯೇ ಆರಿಹೋಗುತ್ತದೆ. ಬೇಸಿಗೆಯಲ್ಲಿ ಕಿಟ್ಟನ್ನು ಆಫೀಸ್ ಪಾರ್ಕಿಂಗಿನ ಸ್ಕೂಟರ್ ಡಿಕ್ಕಿಯಲ್ಲಿ ಬಿಡಬೇಡಿ. ಲಿಪ್‌ಸ್ಟಿಕ್ ಕರಗಿ, ಕ್ರೀಮ್ ಬೇಸ್ ಎಣ್ಣೆ ಬಿಟ್ಟುಕೊಳ್ಳುತ್ತದೆ.

ಈಗ ಕಂಪನಿ ಕೆಲಸದ ಕಡೆ. ಮೊದಲು ನೇಮಕಾತಿ ಪತ್ರ ತೆಗೆದು ಬೇರೆ ದುಡಿಮೆಯ ಬಗ್ಗೆ ಏನು ಬರೆದಿದೆ ಅಂತ ಓದಿ. ಅನುಮತಿ ಬೇಕು ಅಂತಿದ್ದರೆ ಬರಹದಲ್ಲೇ ಕೇಳಿ ಪಡೆಯಿರಿ. ರಾಜ್ಯ ಸರ್ಕಾರಿ ನೌಕರರಿಗಂತೂ 2021ರ ನಡತೆ ನಿಯಮಗಳ ಪ್ರಕಾರ ಮೊದಲೇ ಅನುಮತಿ ಬೇಕು. ಸಂಬಳದ ಜೊತೆ ಈ ಆದಾಯ ಸೇರಿದ ಮೇಲೆ ಆದಾಯ ತೆರಿಗೆಗೆ ಐಟಿಆರ್ 1 ನಮೂನೆ ಸಲ್ಲಿಸಲು ಬರುವುದಿಲ್ಲ, 3 ಅಥವಾ 4 ಬೇಕಾಗುತ್ತದೆ. ಜಿಎಸ್‌ಟಿ ನೋಂದಣಿ ವರ್ಷಕ್ಕೆ 20 ಲಕ್ಷ ದಾಟಿದ ಮೇಲಿನ ಮಾತು.

ರಜೆಯನ್ನು ಯುಗಾದಿಗೇ ಯೋಜಿಸಬೇಕು. ಒಂಟಿಕೊಪ್ಪಲು ಪಂಚಾಂಗ ಕೈಗೆ ಬಂದ ವಾರವೇ ವಿವಾಹ ಮುಹೂರ್ತಗಳನ್ನೆಲ್ಲ ಫೋನಿನ ಕ್ಯಾಲೆಂಡರಿಗೆ ಹಾಕಿಕೊಳ್ಳುತ್ತೇನೆ. ವೈಶಾಖ, ಜ್ಯೇಷ್ಠ, ಶ್ರಾವಣ, ಮಾಘ, ಫಾಲ್ಗುಣದಲ್ಲಿ ಕೆಲಸ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಬಿಡುವು. ಬಿಡುವಿನ ತಿಂಗಳಲ್ಲಿ ರಜೆ ಖರ್ಚು ಮಾಡದೆ ಉಳಿಸಿಕೊಂಡರೆ, ವಾರದ ನಡುವೆ ಬೀಳುವ ಮುಹೂರ್ತಕ್ಕೆ ಅರ್ಧ ದಿನ ಸಿಗುತ್ತದೆ. ಶನಿವಾರ ರಿಸೆಪ್ಷನ್, ಭಾನುವಾರ ಧಾರೆ ಇರುವ ಮದುವೆ ನಮ್ಮಂಥವರಿಗೆ ಸರಿಹೊಂದುತ್ತದೆ. ತಿಂಗಳಿಗೆ ಮೂರಕ್ಕಿಂತ ಹೆಚ್ಚು ಮದುವೆ ಒಪ್ಪಬೇಡಿ. ಒಂದೇ ಬೆಳಿಗ್ಗೆ ಎರಡು ಮುಹೂರ್ತವಂತೂ ಬೇಡವೇ ಬೇಡ. ವಾರದ ದಿನ ಸಂಜೆಗೆ ಸೀಮಂತ, ಭರತನಾಟ್ಯದ ರಂಗಪ್ರವೇಶ ಹಿಡಿಯಬಹುದು.

ರೇಟಿನ ಲೆಕ್ಕಕ್ಕೆ ನನ್ನದೇ ಒಂದು ಮಾದರಿ. ಛತ್ರದಲ್ಲಿ 7 ಗಂಟೆ, ಟ್ರಯಲ್ 2, ಓಡಾಟ 2, ಬ್ರಶ್ ತೊಳೆಯಲು ಒಂದೂವರೆ, ಒಟ್ಟು ಹನ್ನೆರಡೂವರೆ ಗಂಟೆ. ಸಾಮಾನು 1,200, ಕಾರು 1,500, ಸಹಾಯಕಿಗೆ 2,000, ಒಟ್ಟು 4,700 ರೂಪಾಯಿ. 15,000 ತೆಗೆದುಕೊಂಡರೆ ಉಳಿಯುವುದು 10,300, ಗಂಟೆಗೆ 824. ಪರಿಚಯದವರು ಅಂತ 8,000ಕ್ಕೆ ಒಪ್ಪಿದರೆ ಉಳಿಯುವುದು 3,300, ಗಂಟೆಗೆ 264. ನಿದ್ದೆ ಬಿಟ್ಟು ಮಾಡುವ ಕೆಲಸಕ್ಕೆ ಇದು ಸಾಲದು. ಅರ್ಧ ಹಣ ಬುಕಿಂಗ್ ದಿನ, ಉಳಿದರ್ಧ ರಿಸೆಪ್ಷನ್ ಸಂಜೆ. ಧಾರೆ ಆದ ಮೇಲೆ ಕೇಳೋಣ ಅಂದರೆ ಮನೆಯವರೆಲ್ಲ ಊಟದ ಹಾಲಿನಲ್ಲಿರುತ್ತಾರೆ.

ಮಂಡ್ಯದ ಮದುವೆಗೆ ಮೈಸೂರಿನಿಂದ 45 ಕಿಲೋಮೀಟರಿನಷ್ಟು ದಾರಿ. ಹೊಸ ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲಿ ಕಿಟ್ ಕಟ್ಟಿಕೊಂಡು ನಡುರಾತ್ರಿ ಹೋಗುವುದು ಕ್ಷೇಮವಲ್ಲ. ಹಾಗಾಗಿ ಬುಕಿಂಗ್ ಮಾಡುವಾಗಲೇ ಛತ್ರದಲ್ಲಿ ಮಲಗಲು ಒಂದು ರೂಮು ಕೇಳಿಬಿಡುತ್ತೇನೆ, ರಿಸೆಪ್ಷನ್ ಮುಗಿಸಿ ಮೂರು ಗಂಟೆಯಾದರೂ ನಿದ್ದೆ ಸಿಗುತ್ತದೆ. ಜ್ವರ ಬಂದರೆ, ಆಫೀಸಿನಲ್ಲಿ ರಜೆ ರದ್ದಾದರೆ ಏನು ಗತಿ ಅನ್ನುವುದಕ್ಕೆ ಹೊಲದ ಕೆಲಸದ ಮುಯ್ಯಾಳು ಪದ್ಧತಿಯೇ ದಾರಿ. ಇನ್ನೊಬ್ಬ ಕಲಾವಿದೆಯ ಜೊತೆ ಮಾತಾಡಿಟ್ಟುಕೊಳ್ಳಿ, ಅವರ ಕಷ್ಟಕ್ಕೆ ನೀವು, ನಿಮ್ಮ ಕಷ್ಟಕ್ಕೆ ಅವರು. ಟ್ರಯಲ್ ದಿನ ಬಳಸಿದ ಶೇಡ್, ಸಾಮಾನಿನ ಹೆಸರು, ಫೋಟೋ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ಯಾರು ಹೋದರೂ ಅದೇ ಮುಖ ಬರುತ್ತದೆ.

ಭಾನುವಾರ ಮಧ್ಯಾಹ್ನ ಮನೆಗೆ ಬಂದ ಮೇಲೆ ಮಲಗುವ ಮುಂಚೆ ಬ್ರಶ್ ತೊಳೆಯುವುದು ನನ್ನ ನಿಯಮ. ಬೇಬಿ ಶಾಂಪೂ, ಉಗುರುಬೆಚ್ಚಗಿನ ನೀರು, ಕೂದಲು ಸದಾ ಕೆಳಮುಖ. ನೀರು ಹಿಡಿಕೆಯ ಕಡೆ ಹೋದರೆ ಲೋಹದ ಕೊರಳಿನೊಳಗಿನ ಅಂಟು ಬಿಟ್ಟು, ಮುಂದಿನ ಹುಡುಗಿಯ ಕೆನ್ನೆ ಮೇಲೆ ಕೂದಲು ಉದುರುತ್ತದೆ. ಮೇಜಿನ ಅಂಚಿನಲ್ಲಿ ಟವೆಲ್ ಹಾಸಿ, ತುದಿ ಆಚೆ ಚಾಚಿರುವ ಹಾಗೆ ಸಾಲಾಗಿ ಮಲಗಿಸುತ್ತೇನೆ. ಸೋಮವಾರ ಸಂಜೆ ಆಫೀಸಿನಿಂದ ಬಂದು ಮುಟ್ಟಿ ನೋಡಿದಾಗ ಸಣ್ಣವೆಲ್ಲ ಒಣಗಿರುತ್ತವೆ. ದಪ್ಪ ಪೌಡರ್ ಬ್ರಶ್ಶಿಗೆ, ಮಳೆಗಾಲವಾದರೆ, ಮಂಗಳವಾರದವರೆಗೂ ಬೇಕು.