ತಾಮ್ರ ಕೂತ ಅಡಿಕೆ ತೋಟದ ಮಣ್ಣಲ್ಲಿ ಡಿಹೈಡ್ರೋಜಿನೇಸ್ ಅಳೆದದ್ದು: ನನ್ನ ಅನುಭವ

"ತಾಮ್ರ ಇರೋ ಮಣ್ಣಿಗೆ ಟಿಟಿಸಿ ಹಾಕಬೇಡ, ಸುಮ್ನೆ ದುಡ್ಡು ದಂಡ" ಅಂದವರೇ ಜಾಸ್ತಿ. ಅವರ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಡಿಹೈಡ್ರೋಜಿನೇಸ್ ಅಂದರೆ ಮಣ್ಣಿನ ಜೀವಂತ ಸೂಕ್ಷ್ಮಜೀವಿಗಳೊಳಗಿನ ಕಿಣ್ವ. ಟಿಟಿಸಿ ಅನ್ನೋ ಬಣ್ಣವಿಲ್ಲದ ರಾಸಾಯನಿಕ ಹಾಕಿದರೆ ಅದನ್ನು ಈ ಕಿಣ್ವ ಟಿಪಿಎಫ್ ಅನ್ನೋ ಕೆಂಪು ಬಣ್ಣವಾಗಿ (ಫಾರ್ಮಜಾನ್) ಮಾಡುತ್ತದೆ; ಕೆಂಪು ಹೆಚ್ಚಿದಷ್ಟೂ ಸೂಕ್ಷ್ಮಜೀವಿಗಳು ಚುರುಕು ಅಂತ ಲೆಕ್ಕ. ಟಿಪಿಎಫ್‌ನ ಕೆಂಪನ್ನು ತಾಮ್ರ ನುಂಗುತ್ತದೆ ಅಂತ ಮಣ್ಣು ವಿಜ್ಞಾನಿಗಳಾದ ಚಂದರ್ ಮತ್ತು ಬ್ರೂಕ್ಸ್ 1991ರಲ್ಲೇ ತೋರಿಸಿದ್ದಾರೆ. ಸೂಕ್ಷ್ಮಜೀವಿಗಳು ಕೆಲಸ ಮಾಡಿದ್ದರೂ ಬಣ್ಣ ಕಡಿಮೆ ಕಾಣುತ್ತದೆ, ನಾವು ಮಣ್ಣು ಸತ್ತಿದೆ ಅಂತ ಬರೆದುಬಿಡುತ್ತೇವೆ. ಆದರೆ ಎಷ್ಟು ನುಂಗುತ್ತದೆ ಅನ್ನೋದನ್ನೇ ಅಳೆದರೆ ಲೆಕ್ಕ ಸರಿಮಾಡಬಹುದಲ್ವಾ? ನಾನು ಹಟ ಹಿಡಿದದ್ದು ಅಲ್ಲೇ.

ಮಣ್ಣು ತೀರ್ಥಹಳ್ಳಿ ಕಡೆಯ ಹಳೇ ತೋಟದ್ದು. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದನ್ನು ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗ ವಿಜ್ಞಾನಿ ಕೋಲ್ಮನ್ ರೂಢಿಗೆ ತಂದು ನೂರು ವರ್ಷ ದಾಟಿತು. 1% ದ್ರಾವಣ ಅಂದರೆ 100 ಲೀಟರಿಗೆ 1 ಕೆಜಿ ಮೈಲುತುತ್ತ, ಅದರಲ್ಲಿ ಕಾಲು ಕೆಜಿ ತಾಮ್ರ. ಮಳೆಗಾಲದಲ್ಲಿ ಎರಡು ಮೂರು ಸಲ ಹೊಡೆಯುತ್ತಾರೆ. ಗೊನೆಯಿಂದ ತೊಳೆದು ಇಳಿದದ್ದು ಮೇಲ್ಮಣ್ಣಲ್ಲೇ ಕೂರುತ್ತದೆ. ತೋಟದ ಯಜಮಾನರು ಮಾತ್ರ "ಎರೆಹುಳ ಇದಾವಲ್ರೀ, ಮಣ್ಣು ಹಾಳಾಗಿದ್ರೆ ಇರ್ತಿದ್ವಾ?" ಅಂದರು. ಹೋಲಿಕೆಗೆ ಅವರದ್ದೇ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮಣ್ಣು ತಂದೆ. ಪೂರ್ತಿ ಸರಿಯಾದ ಹೋಲಿಕೆ ಅಲ್ಲ, ಆದರೆ ಬೋರ್ಡೋ ಕಾಣದ ತೋಟ ಆ ಕಡೆ ಎಲ್ಲಿ ಸಿಗಬೇಕು?

ಮೊದಲ ಸುತ್ತಲ್ಲಿ ಬೆಟ್ಟದ ಮಣ್ಣು ಗ್ರಾಮಿಗೆ 70 ಮೈಕ್ರೋಗ್ರಾಂ ಟಿಪಿಎಫ್ ಆಸುಪಾಸು ಕೊಟ್ಟಿತು, 24 ಗಂಟೆಗೆ. ತೋಟದ್ದು 30. ಎಲ್ಲರೂ ಹೇಳಿದ್ದೇ ಆಯಿತು. ತಾಮ್ರ ಹಿಡಿದಿಡಲಿ ಅಂತ ಇಡಿಟಿಎ ಅನ್ನೋ ರಾಸಾಯನಿಕ ಹಾಕಿ ನೋಡಿದೆ. ಬೆಟ್ಟದ ಮಣ್ಣಿನ ಅಂಕಿಯೂ ಏರುಪೇರಾಯಿತು, ಕೈಬಿಟ್ಟೆ. ಟಿಟಿಸಿ ಬಿಟ್ಟು ಅದೇ ಜಾತಿಯ ಐಎನ್‌ಟಿ ಅನ್ನೋ ರಾಸಾಯನಿಕಕ್ಕೆ ಹೋಗು ಅಂದರು. ಅದರ ಬೆಲೆ ಕೇಳಿ ಸುಮ್ಮನಾದೆ. ಟಿಟಿಸಿ, ಮೆಥನಾಲ್ ಅಂತ ಅಷ್ಟರಲ್ಲೇ ಆರೇಳು ಸಾವಿರ ಕೈಯಿಂದ ಹೋಗಿತ್ತು.

ಕೊನೆಗೆ ಕೆಲಸಕ್ಕೆ ಬಂದದ್ದು ತೀರಾ ಸರಳ ದಾರಿ. ಎರಡೂ ಮಣ್ಣನ್ನು ಆಟೋಕ್ಲೇವ್ ಮಾಡಿದೆ, ಅಂದರೆ ಒತ್ತಡದ ಹಬೆಯಲ್ಲಿಟ್ಟು ಜೀವಿಗಳನ್ನೆಲ್ಲ ಕೊಂದೆ. ಗೊತ್ತಿರುವಷ್ಟು ರೆಡಿ ಟಿಪಿಎಫ್ ಸೇರಿಸಿದೆ. ನಿಜವಾದ ಟ್ಯೂಬುಗಳ ಜೊತೆಗೇ 37 ಡಿಗ್ರಿಯಲ್ಲಿ ಇಟ್ಟು, ಮೆಥನಾಲ್‌ನಲ್ಲಿ ತೆಗೆದು 485 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣ ಓದಿದೆ. ಬೆಟ್ಟದ ಮಣ್ಣಿಂದ 95% ವಾಪಸ್ ಬಂತು. ತೋಟದ ಮಣ್ಣಿಂದ 60% ಬಂದರೆ ಹೆಚ್ಚು. ಹತ್ತಿಯಲ್ಲಿ ಸೋಸುವಾಗಲೇ ಗೊತ್ತಾಗುತ್ತಿತ್ತು: ಒಂದು ಟ್ಯೂಬು ದಾಸವಾಳದ ಕೆಂಪು, ಇನ್ನೊಂದು ಕಂದಿದ ಗುಲಾಬಿ. ಹಾಕಿದ್ದು ಮಾತ್ರ ಒಂದೇ ಅಳತೆ.

ಇಲ್ಲೊಂದು ತಕರಾರು ಬರುತ್ತದೆ. ಬಣ್ಣ ಹುಟ್ಟುವುದು 24 ಗಂಟೆ ಉದ್ದಕ್ಕೂ, ನಾನು ಹಾಕಿದ್ದು ಶುರುವಿನಲ್ಲೇ. ಅಂದರೆ ತಿದ್ದುಪಡಿ ಸ್ವಲ್ಪ ಅತಿಯಾಗುತ್ತದೆ. ಹಾಗಾಗಿ ಟಿಪಿಎಫ್ ಅನ್ನು ಒಂದೇ ಸಲ ಹಾಕುವುದನ್ನು ಬಿಟ್ಟೆ. ಯಾವ್ಯಾವ ಹೊತ್ತಿಗೆ ಎಷ್ಟೆಷ್ಟು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತಿದ್ದಿದ ಮೇಲೆ ತೋಟದ್ದು 45ರ ಮೇಲೆ ನಿಂತಿತು. ತಾಮ್ರ ಹೊಡೆತ ಕೊಟ್ಟಿದೆ ನಿಜ, ಆದರೆ ಮೊದಲು ಕಂಡಷ್ಟಲ್ಲ. ಆಸಿಡ್ ಫಾಸ್ಫಟೇಸ್ ಅನ್ನೋ ಇನ್ನೊಂದು ಕಿಣ್ವವನ್ನೂ ನೋಡಿದೆ, ಅದರಲ್ಲಿ ಫಾರ್ಮಜಾನ್ ತಾಪತ್ರಯ ಇಲ್ಲವಲ್ಲ. ಅಲ್ಲೂ ತೋಟದ್ದು ಕಾಲು ಭಾಗವಷ್ಟೇ ಕಡಿಮೆ. ದಂಡ ಅಂದವರೇ ಈಗ ಪ್ರೋಟೋಕಾಲ್ ಕೇಳುತ್ತಿದ್ದಾರೆ.

ಎರೆಹುಳದ ಮಾತಾಡಿದ ಯಜಮಾನರು ಜೀವಾಮೃತ ಹಾಕಿ ನೋಡಿ ಅಂದರು. ಹಾಕಿದೆ. ಮರುದಿನ ಟ್ಯೂಬು ಎಷ್ಟು ಕೆಂಪಾಯಿತು ಅಂದರೆ ಡೈಲ್ಯೂಟ್ ಮಾಡದೆ ಓದಲಾಗಲಿಲ್ಲ. ಬೆಲ್ಲ, ಸಗಣಿ ಹಾಕಿದರೆ ಏರದೆ ಇರುತ್ತದಾ? ಹತ್ತು ಹದಿನೈದು ದಿನಕ್ಕೆ ಅಂಕಿ ಹಳೇ ಜಾಗಕ್ಕೇ ಇಳಿಯಿತು. ಅವರಿಗೆ ಏರಿದ್ದಷ್ಟೇ ನೆನಪಿದೆ.

ಟ್ಯೂಬಿಗೆ ಫಾಯಿಲ್ ಸುತ್ತುವುದನ್ನು ಬಿಡಬೇಡಿ, ಬೆಳಕಿಗೂ ಬಣ್ಣ ಹೋಗುತ್ತದೆ. ಮಣ್ಣನ್ನು ಒಣಗಿಸಲೇಬೇಡಿ. ಹಸಿಯಾಗಿಯೇ ಜರಡಿ ಹಿಡಿದು 4 ಡಿಗ್ರಿಯಲ್ಲಿಡಿ. ಈಗ ಬೋರ್ಡೋ ಕಂಡ ಕೊಡಗಿನ ಕಾಫಿ ತೋಟದ ಮಣ್ಣಿಗೆ ಕೈ ಹಾಕಿದ್ದೇನೆ. ಅಲ್ಲಿ ಹ್ಯೂಮಸ್ (ಕೊಳೆತ ಸೊಪ್ಪಿನ ಅಂಶ) ಬಣ್ಣದ್ದೇ ಬೇರೆ ತಲೆನೋವು, ಅದೂ ಓದಿನಲ್ಲಿ ಸೇರಿಬಿಡುತ್ತದೆ. ಹಾಗಾಗಿ ಪ್ರತಿ ಮಣ್ಣಿಗೂ ಟಿಟಿಸಿ ಇಲ್ಲದ ಟ್ಯೂಬೊಂದನ್ನು ಪಕ್ಕದಲ್ಲೇ ಇಡುತ್ತಿದ್ದೇನೆ, ಮೆಥನಾಲ್ ಖರ್ಚು ಎರಡರಷ್ಟಾದರೂ.