ಶಿರಾಡಿ ಇಳಿಯೋಕೆ ಬ್ರೇಕು, ಹತ್ತೋಕೆ ಫ್ಯಾನು: ಡೀಸೆಲ್ ಪಿಕಪ್‌ಗೆ ಮನೇಲೇ ಮಾಡ್ಕೊಳ್ಳೋ ಕೆಲಸ

ನಂದು ಹಾಸನ ಕಡೆ, ಆಲೂಗಡ್ಡೆ ಸೀಸನ್ನಲ್ಲಿ ಮಂಗಳೂರಿಗೆ ಲೋಡು, ಬರ್ತಾ ಟೈಲ್ಸೋ ಸಿಮೆಂಟೋ ಏನು ಬಾಡಿಗೆ ಸಿಕ್ಕುತ್ತೋ ಅದು. ಶಿರಾಡಿ ಘಾಟಿ ಒಂದೇ ಆದ್ರೂ ಗಾಡಿಗೆ ಅದು ಎರಡು ಬೇರೆ ಪರೀಕ್ಷೆ, ಇಳೀವಾಗ ಬ್ರೇಕಿಗೆ, ಹತ್ತುವಾಗ ರೇಡಿಯೇಟರ್ ಫ್ಯಾನಿಗೆ. ಎರಡರಲ್ಲೂ ನಾನು ಫೇಲಾಗಿದೀನಿ. ಮಾರನಹಳ್ಳಿ ದಾಟಿ ಇಳೀತಾ ಇದ್ದಾಗ ಒಂದ್ಸಲ ಪೆಡಲ್ ಒತ್ತಿದ್ರೆ ಹತ್ತಿ ಮೂಟೆ ಒತ್ತಿದಂಗೆ ಮೆತ್ತಗೆ ಹೋಯ್ತು, ಸೆಕೆಂಡ್ ಗೇರಿಗೆ ತಂದು ಹ್ಯಾಂಡ್‌ಬ್ರೇಕ್ ಎಳ್ಕೊಂಡು ಗುಡ್ಡದ ಕಡೆ ಸೈಡಿಗೆ ಹಾಕಿದೆ, ಅರ್ಧ ಗಂಟೆ ಆದ್ಮೇಲೆ ನೋಡಿದ್ರೆ ಪೆಡಲ್ ಏನೂ ಆಗೇ ಇಲ್ಲ ಅನ್ನೋ ಹಾಗೆ ಗಟ್ಟಿ. ಆವತ್ತಿಂದ ಈ ಕೆಲಸ ನಾನೇ ಮಾಡ್ಕೊತೀನಿ.

ಇದು ಸಣ್ಣ ಪಿಕಪ್‌ಗಳ ಮಾತು, ಮುಂದೆ ಡಿಸ್ಕ್ ಹಿಂದೆ ಡ್ರಮ್ಮು, ಬ್ರೇಕ್ ಆಯಿಲ್ ಸಿಸ್ಟಮ್ಮು, 12 ವೋಲ್ಟ್ ಬ್ಯಾಟರಿ. ಏರ್ ಬ್ರೇಕ್ ಇರೋ ದೊಡ್ಡ ಲಾರಿ ಆದ್ರೆ ದಯವಿಟ್ಟು ಮನೇಲಿ ಕೈ ಹಾಕ್ಬೇಡಿ, ಹಿಂದಿನ ಬ್ರೇಕ್ ಚೇಂಬರ್ ಒಳಗೆ ಇರೋ ಸ್ಪ್ರಿಂಗ್ ಎಷ್ಟು ಜೋರು ಅಂದ್ರೆ ಕ್ಲಾಂಪ್ ಬಿಚ್ಚಿದ್ರೆ ಗುಂಡು ಹಾರಿದಂಗೆ ಹಾರತ್ತೆ, ಮನುಷ್ಯ ಉಳಿಯಲ್ಲ. ಎಬಿಎಸ್ (ಬ್ರೇಕ್ ಒತ್ತಿದಾಗ ವೀಲ್ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ಸಿಸ್ಟಮ್ಮು) ಇರೋ ಗಾಡೀಲೂ ಯೂನಿಟ್ ಒಳಗೆ ಏರ್ ಸೇರ್ಕೊಂಡ್ರೆ ತೆಗೆಯೋಕೆ ಸ್ಕ್ಯಾನರ್ ಬೇಕಾಗ್ಬೋದು, ಅದನ್ನ ಗೊತ್ತಿರೋರ ಹತ್ರ ಬಿಡಿ.

ಮೊದಲು ಒಂದು ಲೆಕ್ಕ. ಲೋಡು ಸೇರಿ ಗಾಡಿ 3 ಟನ್, ಇಳಿಯೋ ಎತ್ತರ ಸುಮಾರು 800 ಮೀಟರ್ ಅಂದ್ಕೊಳ್ಳಿ. ಆ ಶಕ್ತಿ ಎಲ್ಲಾದ್ರೂ ಹೋಗ್ಲೇಬೇಕಲ್ಲ, ಕೂಡಿ ನೋಡಿದ್ರೆ ಆರೂವರೆ ಯೂನಿಟ್ ಕರೆಂಟಿನಷ್ಟು ಆಗತ್ತೆ, ಅಂದ್ರೆ 2 ಕಿಲೋವ್ಯಾಟ್ ಗೀಸರ್ ಮೂರು ಗಂಟೆ ಮೇಲೆ ಉರಿಸಿದಷ್ಟು ಶಾಖ. ಗಾಳಿಗೆ ಸ್ವಲ್ಪ, ಇಂಜಿನ್ನಿಗೆ ಸ್ವಲ್ಪ, ಮಿಕ್ಕಿದ್ದೆಲ್ಲ ಆ ನಾಲ್ಕು ವೀಲಿನ ಬ್ರೇಕ್ ತಿನ್ಬೇಕು. ಡೀಸೆಲ್ ಇಂಜಿನ್ ಬ್ರೇಕಿಂಗ್ ನಾವು ಅಂದ್ಕೊಂಡಷ್ಟು ಜೋರಿರಲ್ಲ, ಅದಕ್ಕೇ ಕೆಳಗಿನ ಗೇರ್ ಹಾಕಿ ಇಳೀಬೇಕು ಅನ್ನೋದು. ನ್ಯೂಟ್ರಲ್ ಹಾಕ್ಕೊಂಡು ಡೀಸೆಲ್ ಉಳಿಸೋ ಮಹಾನುಭಾವರಿಗೆ ಯಾವ ಅಪ್‌ಗ್ರೇಡೂ ಉಪಯೋಗ ಇಲ್ಲ.

ನನ್ ಗಾಡೀಲಿ ಆಗಿದ್ದೇನು ಅಂದ್ರೆ ಬ್ರೇಕ್ ಆಯಿಲ್ ಕುದ್ದು ಹೋಗಿದ್ದು. ಬ್ರೇಕ್ ಆಯಿಲ್ ಗಾಳೀಲಿರೋ ತೇವ ಎಳ್ಕೊಳತ್ತೆ, ನಮ್ಮ ಸಕಲೇಶಪುರದ ಮಳೆಗಾಲ ಗೊತ್ತಲ್ಲ. ಹೊಸ ಡಾಟ್ 3 ದರ್ಜೆ ಆಯಿಲ್ ಕನಿಷ್ಠ 205 ಡಿಗ್ರಿವರೆಗೂ ಕುದಿಯಲ್ಲ, ಆದ್ರೆ ನೀರು ಸೇರಿದ್ಮೇಲೆ ಅದೇ ಅಳತೆ 140ಕ್ಕೆ ಇಳಿಯತ್ತೆ. ಡಾಟ್ 4 ಆದ್ರೆ ಹೊಸದ್ರಲ್ಲಿ 230, ನೀರು ಸೇರಿದ್ಮೇಲೆ 155. ಕುದ್ದಾಗ ಗುಳ್ಳೆ ಬರತ್ತೆ, ದ್ರವ ಒತ್ತಿದ್ರೆ ಕುಗ್ಗಲ್ಲ ಗುಳ್ಳೆ ಒತ್ತಿದ್ರೆ ಕುಗ್ಗತ್ತೆ, ನಿಮ್ಮ ಕಾಲಿನ ಬಲ ಎಲ್ಲ ಆ ಗುಳ್ಳೆ ಒತ್ತೋದ್ರಲ್ಲೇ ಮುಗಿಯತ್ತೆ. ಹಾಗಾಗಿ ಅತಿ ಕಮ್ಮಿ ಖರ್ಚಿನ, ಅತಿ ದೊಡ್ಡ ಅಪ್‌ಗ್ರೇಡ್ ಅಂದ್ರೆ ಹಳೇ ಆಯಿಲ್ ಪೂರ್ತಿ ತೆಗೆದು ಸೀಲ್ ಒಡೆಯದ ಡಬ್ಬಿ ಡಾಟ್ 4 ಹಾಕೋದು, ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಂದ್ಸಲ. ಡಾಟ್ 3 ಜಾಗಕ್ಕೆ ಡಾಟ್ 4 ನಡೆಯತ್ತೆ. ಡಾಟ್ 5 ಅಂತ ಬರೋದು ಸಿಲಿಕೋನ್, ಅದು ಇದ್ರ ಜೊತೆ ಬೆರಿಯಲ್ಲ, ನಂಬರ್ ದೊಡ್ಡದು ಅಂತ ತರ್ಬೇಡಿ. ಹೋದ್ವರ್ಷ ಅರ್ಧ ಬಳಸಿ ಶೆಡ್ಡಲ್ಲಿ ಇಟ್ಟಿರೋ ಡಬ್ಬಿನೂ ಬೇಡ.

ಹೋಸ್ ಪೈಪು ನೋಡಿ. ವೀಲ್ ಹತ್ರ ಬರೋ ರಬ್ಬರ್ ಹೋಸ್ ಬಗ್ಗಿಸಿದ್ರೆ ಸಣ್ಣ ಸಣ್ಣ ಬಿರುಕು ಕಾಣಿಸಿದ್ರೆ ಅಥವಾ ಯಾರಾದ್ರೂ ಪೆಡಲ್ ಒತ್ತಿದಾಗ ಉಬ್ಬಿದ್ರೆ ಬದಲಾಯಿಸಿ, ನಿಮ್ಮ ಗಾಡಿಗೆ ಹೊಂದೋ ಸ್ಟೀಲ್ ಜಾಲರಿ ಹೋಸ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಆಯಿಲ್ ಬದಲಾಯಿಸೋ ದಿನವೇ ಹೋಸೂ ಹಾಕ್ಬಿಡಿ, ಎರಡೆರಡು ಸಲ ಏರ್ ತೆಗೆಯೋ ಕೆಲಸ ತಪ್ಪತ್ತೆ.

ಈಗ ಹಿಂದಿನ ಡ್ರಮ್. ಸಮತಟ್ಟು ಜಾಗ, ಮುಂದಿನ ವೀಲಿಗೆ ಎರಡೂ ಕಡೆ ಕಲ್ಲು, ಜಾಕಿ ಎತ್ತಿ ಸ್ಟ್ಯಾಂಡ್ ಕೊಟ್ಟಮೇಲೇ ಹ್ಯಾಂಡ್‌ಬ್ರೇಕ್ ಬಿಟ್ಟು ವೀಲ್ ಬಿಚ್ಚೋದು, ಬರೀ ಜಾಕಿ ನಂಬ್ಕೊಂಡು ಗಾಡಿ ಕೆಳಗೆ ಯಾರೂ ಹೋಗ್ಬೇಡಿ. ಡ್ರಮ್ ತೆಗೆದಾಗ ಕಪ್ಪು ಧೂಳು ಇರತ್ತಲ್ಲ, ಅದನ್ನ ಬಾಯಲ್ಲಿ ಊದೋದು, ಕಂಪ್ರೆಸರ್ ಗಾಳಿ ಹಿಡಿಯೋದು ಬೇಡ, ಹಳೇ ಲೈನರಲ್ಲಿ (ಡ್ರಮ್ಮಿಗೆ ಉಜ್ಜೋ ಪಟ್ಟಿ) ಆಸ್ಬೆಸ್ಟಾಸ್ ಇದ್ರೆ ಶ್ವಾಸಕೋಶಕ್ಕೆ ವಿಷ ಅದು, ನೀರು ಚಿಮುಕಿಸಿ ಒದ್ದೆ ಬಟ್ಟೇಲಿ ಒರೆಸಿ. ಡ್ರಮ್ ಒಳಗೆ ಬೆರಳಾಡಿಸಿ. ಕನ್ನಡಿ ಥರ ಹೊಳೀತಾ ಇದ್ರೆ ಗ್ಲೇಜ್ ಆಗಿದೆ, ಎಮೆರಿ ಶೀಟ್ ಹಿಡಿದು ಉಜ್ಜಿದ್ರೆ ಸಾಕು. ಗೆರೆ ಬಿದ್ದಿದ್ರೆ ಅಥವಾ ಪೆಡಲ್ ಒತ್ತಿದಾಗ ಕಾಲಿಗೆ ಎದ್ದೆದ್ದು ಬರೋ ಹಾಗಿದ್ರೆ ಲೇತಲ್ಲಿ ಟರ್ನಿಂಗ್ ಮಾಡಿಸ್ಬೇಕು, ಡ್ರಮ್ ಮೇಲೆ ಎಷ್ಟು ಮಿಲಿಮೀಟರ್‌ವರೆಗೂ ಹೋಗ್ಬೋದು ಅಂತ ಅಚ್ಚು ಹಾಕಿರತ್ತೆ, ಅದು ದಾಟಿದ್ರೆ ಹೊಸದು. ಲೇತ್‌ನೋರು "ಇನ್ನೊಂದ್ಸಲ ನಡೆಯತ್ತೆ ಅಣ್ಣ" ಅಂತಾರೆ, ಕೇಳ್ಬೇಡಿ. ತೆಳ್ಳಗಾದ ಡ್ರಮ್ ಶಾಖ ಹಿಡಿಯಲ್ಲ, ಬೇಗ ಕಾಯತ್ತೆ.

ಲೈನರನ್ನ ಡ್ರಮ್ಮಿಗೆ ಒತ್ತೋ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿ, ಒಳಗೆ ಒದ್ದೆ ಇದ್ರೆ ಸೋರ್ತಿದೆ ಅಂತ. ಒಂದು ಕಡೆ ಸೋರಿದ್ರೂ ಎರಡೂ ಕಡೆ ಬದಲಾಯಿಸಿ. ಲೈನರೂ ಅಷ್ಟೆ, ಎಡಕ್ಕೊಂದು ಕಂಪನಿ ಬಲಕ್ಕೊಂದು ಕಂಪನಿ ಹಾಕಿದ್ರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯತ್ತೆ. ಹೆವಿ ಡ್ಯೂಟಿ ಲೈನರ್, ಪ್ಯಾಡ್ ಹಾಕಿದ್ರೆ ಬಿಸೀಲಿ ಹಿಡಿತ ಚೆನ್ನಾಗಿರತ್ತೆ, ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಸ್ವಲ್ಪ ಕಮ್ಮಿ ಅನ್ಸತ್ತೆ, ಗಾಬರಿ ಬೇಡ.

ಯಾರೂ ಹೇಳದ ಒಂದು ವಿಷಯ. ತುಂಬಾ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮೇಲ್ಗಡೆ ಫ್ರೇಮಲ್ಲಿ ಒಂದು ವಾಲ್ವ್ ಇರತ್ತೆ, ಅದ್ರಿಂದ ಒಂದು ಕಡ್ಡಿಯೋ ಸ್ಪ್ರಿಂಗೋ ಆಕ್ಸಲಿಗೆ ಹೋಗಿರತ್ತೆ. ಲೋಡ್ ಬಿದ್ದು ಬಾಡಿ ಕೂತ್ರೆ ಹಿಂದಿನ ಬ್ರೇಕಿಗೆ ಜಾಸ್ತಿ ಪ್ರೆಶರ್ ಬಿಡತ್ತೆ, ಖಾಲಿ ಇದ್ರೆ ಕಮ್ಮಿ. ನಾವೇನ್ ಮಾಡ್ತೀವಿ, ಗಾಡಿ ಕೂರ್ಬಾರ್ದು ಅಂತ ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟ್ ಎಕ್ಸ್‌ಟ್ರಾ ಹಾಕಿಸ್ತೀವಿ. ಆಮೇಲೆ ಪೂರ್ತಿ ಲೋಡ್ ಹಾಕಿದ್ರೂ ಬಾಡಿ ಕೂರಲ್ಲ, ವಾಲ್ವ್ ಪಾಪ ಗಾಡಿ ಖಾಲಿ ಇದೆ ಅಂದ್ಕೊಂಡು ಹಿಂದೆ ಪ್ರೆಶರ್ ಬಿಡಲ್ಲ, ಇಡೀ ಘಾಟಿ ಮುಂದಿನ ಪ್ಯಾಡ್ ಮೇಲೇ ಇಳೀತೀವಿ. ನನ್ನ ಮುಂದಿನ ಪ್ಯಾಡ್ ಯಾಕೆ ಅಷ್ಟು ಬೇಗ ಸವೀತಿತ್ತು ಅಂತ ಎರಡು ವರ್ಷ ಆದ್ಮೇಲೆ ಗೊತ್ತಾಗಿದ್ದು ನಂಗೆ. ಪ್ಲೇಟ್ ಹಾಕ್ಸಿದ್ರೆ ಆ ಕಡ್ಡಿನ ಸರ್ವಿಸ್ ಸೆಂಟರಲ್ಲಿ ಅಳತೆ ನೋಡಿ ಸೆಟ್ ಮಾಡಿಸಿ. ತಂತಿ ಕಟ್ಟಿ ಎಳೆದು ಇಡೋದು ಬೇಡ, ಖಾಲಿ ಗಾಡೀಲಿ ಮಳೆ ದಿನ ಹಿಂದಿನ ವೀಲ್ ಲಾಕ್ ಆಗಿ ಸುತ್ತಿಬಿಡತ್ತೆ.

ಏರ್ ತೆಗೆಯೋಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋದು) ದೂರದ ವೀಲಿಂದ ಶುರು, ನಮ್ಮ ಕಡೆ ಡ್ರೈವರ್ ಬಲಕ್ಕಲ್ವಾ, ಹಾಗಾಗಿ ಹಿಂದೆ ಎಡ, ಹಿಂದೆ ಬಲ, ಮುಂದೆ ಎಡ, ಮುಂದೆ ಬಲ. ಮ್ಯಾನುಯಲ್‌ನಲ್ಲಿ ಬೇರೆ ಆರ್ಡರ್ ಹೇಳಿದ್ರೆ ಅದೇ ಸರಿ. ವೀಲ್ ಹತ್ರ ಏರ್ ಬಿಡೋ ನಿಪ್ಪಲಿಗೆ ರಿಂಗ್ ಸ್ಪ್ಯಾನರ್ ಹಾಕಿ, ಒಳಗೆ ಕಾಣೋ ಅಂಥ ಪೈಪ್ ಸಿಕ್ಕಿಸಿ, ಪೈಪಿನ ತುದಿ ಬಾಟಲೀಲಿ ಸ್ವಲ್ಪ ಹೊಸ ಆಯಿಲ್ ಒಳಗೆ ಮುಳುಗಿರ್ಲಿ. ನಾನು ಅಕ್ಕನ ಮಗನ್ನ ಕೂರಿಸ್ಕೊಂಡಿದ್ದೆ. "ಒತ್ತೋ." "ಒತ್ತಿದೀನಿ ಮಾವ." ನಿಪ್ಪಲ್ ಕಾಲು ಸುತ್ತು ಬಿಡೋದು, ಆಯಿಲ್ ಪುಸ್ ಅಂತ ಬರತ್ತೆ. "ಮಾವ ಕಾಲು ಕೆಳಕ್ಕೆ ಹೋಯ್ತು." "ಹಂಗೇ ಹಿಡ್ಕೋ, ಬಿಡ್ಬೇಡ." ನಿಪ್ಪಲ್ ಟೈಟು. "ಈಗ ಬಿಡು." ಅಷ್ಟೇ ಮಂತ್ರ, ಗುಳ್ಳೆ ನಿಂತು ಆಯಿಲ್ ಬಣ್ಣ ತಿಳಿ ಆಗೋವರೆಗೂ. ನನ್ನದ್ರಲ್ಲಿ ಮೊದಲು ಬಂದಿದ್ದು ಡಿಕಾಕ್ಷನ್ ಬಣ್ಣ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ಹಳೇ ಮಾಸ್ಟರ್ ಸಿಲಿಂಡರಲ್ಲಿ ಪೆಡಲ್ ನೆಲದವರೆಗೂ ಹೋದ್ರೆ ಒಳಗಿನ ಸೀಲು ಯಾವತ್ತೂ ಓಡಾಡದ ತುಕ್ಕು ಜಾಗದ ಮೇಲೆ ಉಜ್ಜಿ ಹರಿದು ಹೋಗತ್ತೆ. ಮೇಲಿನ ಆಯಿಲ್ ಡಬ್ಬಿ ಖಾಲಿ ಆಗೋಕೆ ಬಿಟ್ರಿ ಅಂದ್ರೆ ಮತ್ತೆ ಮೊದಲಿಂದ. ಆಯಿಲ್ ಪೇಂಟ್ ಮೇಲೆ ಬಿದ್ರೆ ಪೇಂಟ್ ಎದ್ದು ಬರತ್ತೆ, ತಕ್ಷಣ ನೀರು ಹಾಕಿ.

ಎಲ್ಲ ಆದ್ಮೇಲೆ ಬೂಸ್ಟರ್ ಟೆಸ್ಟ್, ಅಂದ್ರೆ ವ್ಯಾಕ್ಯೂಮಿಂದ ಕಾಲಿನ ಬಲ ಜಾಸ್ತಿ ಮಾಡೋ ಭಾಗದ್ದು. ಇಂಜಿನ್ ಆಫ್ ಮಾಡಿ ಪೆಡಲ್ ಐದಾರು ಸಲ ಒತ್ತಿ, ಗಟ್ಟಿಯಾಗತ್ತೆ, ಒತ್ತಿ ಹಿಡ್ಕೊಂಡೇ ಸ್ಟಾರ್ಟ್ ಮಾಡಿ, ಪೆಡಲ್ ಸ್ವಲ್ಪ ಕೆಳಗೆ ಇಳೀಬೇಕು. ಇಳೀಲಿಲ್ಲ ಅಂದ್ರೆ ವ್ಯಾಕ್ಯೂಮ್ ಬರ್ತಿಲ್ಲ. ನಮ್ಮ ಎಷ್ಟೋ ಡೀಸೆಲ್ ಗಾಡೀಲಿ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಹಿಂದೆನೇ ಇರತ್ತೆ, ಅಲ್ಲಿಂದ ಬರೋ ಪೈಪ್ ಮೊದಲು ನೋಡಿ. ಆಮೇಲೆ ಖಾಲಿ ರೋಡಲ್ಲಿ 50ರಿಂದ 10ಕ್ಕೆ ಹತ್ತು ಸಲ ನಿಧಾನಕ್ಕೆ ಇಳಿಸಿ, ಮಧ್ಯೆ ತಣ್ಣಗಾಗೋಕೆ ಬಿಡಿ, ಲೈನರ್ ಕೂತ್ಕೊಳತ್ತೆ. ಹೊಸ ಲೈನರ್ ಹಾಕಿದ ದಿನವೇ ಘಾಟಿಗೆ ಬಿಡ್ಬೇಡಿ.

ಇನ್ನು ಫ್ಯಾನ್. ಹೀಟ್ ಆಗ್ತಿದೆ ಅಂದ್ರೆ ಎಲ್ಲರೂ ಮೊದಲು ಹೇಳೋದು "ಥರ್ಮೋಸ್ಟಾಟ್ ಕಿತ್ತಾಕಿ". ಬೇಡ. ಸುಮಾರು ಇಂಜಿನ್ನಲ್ಲಿ ಥರ್ಮೋಸ್ಟಾಟ್ ಬಿಸಿಯಾದಾಗ ರೇಡಿಯೇಟರ್ ದಾರಿ ತೆಗೆಯೋದ್ರ ಜೊತೆಗೇ ಬೈಪಾಸ್ ದಾರಿ ಮುಚ್ಚತ್ತೆ, ಕಿತ್ತಾಕಿದ್ರೆ ಒಂದಷ್ಟು ನೀರು ರೇಡಿಯೇಟರಿಗೇ ಹೋಗದೆ ಇಂಜಿನ್ನಲ್ಲೇ ಸುತ್ತತ್ತೆ. ಮೊದಲು ರೇಡಿಯೇಟರ್ ತೊಳೀರಿ, ಇಂಜಿನ್ ಕಡೆಯಿಂದ ಹೊರಗಡೆಗೆ, ಜೋರಿಲ್ಲದ ನೀರಲ್ಲಿ. ಒಕ್ಕಣೆ ಟೈಮಲ್ಲಿ ಹೊಟ್ಟು ಧೂಳು, ಹುಳ ಎಲ್ಲ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಮಧ್ಯೆ ಕೂತಿರತ್ತೆ, ಮುಂದಿಂದ ನೋಡಿದ್ರೆ ಕಾಣಲ್ಲ. ಬೋರ್ ನೀರು ಹಾಕ್ತಿದ್ರೆ ನಿಲ್ಲಿಸಿ, ಮನೆ ಗೀಸರಲ್ಲಿ ಕಟ್ಟೋ ಅದೇ ಬಿಳಿ ಸುಣ್ಣ ರೇಡಿಯೇಟರ್ ಟ್ಯೂಬಲ್ಲೂ ಕಟ್ಟತ್ತೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಕ್ಯಾಪಿನ ರಬ್ಬರ್ ಹೋಗಿದ್ರೆ ಒರಿಜಿನಲ್ ಪ್ರೆಶರ್‌ದೇ ಹೊಸದು ಹಾಕಿ, ಪ್ರೆಶರ್ ನಿಂತ್ರೇ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಇರೋದು. ಬಿಸಿ ಇದ್ದಾಗ ಕ್ಯಾಪ್ ತೆಗೀಬೇಡಿ, ಗೊತ್ತಿರೋದೇ.

ಇಂಜಿನ್ನೇ ತಿರುಗಿಸೋ ವಿಸ್ಕಸ್ ಫ್ಯಾನ್ ಇದ್ರೆ ಅದ್ರ ಹಬ್ ಒಳಗೆ ಸಿಲಿಕೋನ್ ಆಯಿಲ್, ಮುಂದೆ ಸುರುಳಿ ಥರ ಒಂದು ಬೈಮೆಟಲ್ ಪಟ್ಟಿ. ರೇಡಿಯೇಟರಿಂದ ಬಿಸಿಗಾಳಿ ಬಡಿದ್ರೆ ಪಟ್ಟಿ ತಿರುಗಿ ಆಯಿಲ್ ಬಿಡತ್ತೆ, ಫ್ಯಾನ್ ಹಬ್ಬನ್ನ ಹಿಡ್ಕೊಂಡು ಜೋರಾಗಿ ಸುತ್ತತ್ತೆ. ಟೆಸ್ಟ್ ಸುಲಭ, ಇಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕ್ಕೊಂಡು, ಬಿಸಿ ಇಂಜಿನ್ನಲ್ಲಿ ಫ್ಯಾನ್ ಕೈಯಲ್ಲಿ ತಿರುಗಿಸಿ. ಬಿಗಿ ಇರ್ಬೇಕು. ಗಿರಗಿಟ್ಲೆ ಥರ ಎರಡು ಮೂರು ಸುತ್ತು ಹೋದ್ರೆ ಮುಗೀತು. ಹಬ್ ಮೇಲೆ ಎಣ್ಣೆ ಜಿಡ್ಡು ಧೂಳು ಹಿಡಿದಿದ್ರೂ ಸೋರಿದೆ ಅಂತಲೇ. ಹೊಸ ಫ್ಯಾನ್ ಕ್ಲಚ್ (ಆ ಹಬ್ಬೇ) ತಂದ್ರೆ ನಿಲ್ಲಿಸಿ ಇಡಿ, ಮಲಗಿಸಿಟ್ರೆ ಆಯಿಲ್ ಸೋರ್ಬೋದು. ಕೆಲವು ಗಾಡೀಲಿ ನಟ್ ಉಲ್ಟಾ ಥ್ರೆಡ್ಡು, ಕೇಳ್ಕೊಂಡು ಬಿಚ್ಚಿ, ವಾಟರ್ ಪಂಪ್ ಮುರ್ಕೋಬೇಡಿ. ಸುತ್ತಲಿನ ಪ್ಲಾಸ್ಟಿಕ್ ಕವಚ ಒಡೆದಿದೆ ಅಂತ ಬಿಸಾಡೋರು ಇದಾರೆ, ಅದಿಲ್ಲದ ಫ್ಯಾನ್ ಅಲ್ಲಲ್ಲೇ ಗಾಳಿ ಸುತ್ತಿಸ್ಕೊಂಡು ಇರತ್ತೆ, ರೇಡಿಯೇಟರಿಂದ ಎಳೆಯಲ್ಲ.

ಇದನ್ನೆಲ್ಲ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಿ ಮೈಲೇಜ್ ತಗೊಳ್ಳೋಣ ಅನ್ನೋ ಆಸೆ ನಂಗೂ ಇತ್ತು. ಲೋಡ್ ಗಾಡಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ, ಘಾಟಿ ಹತ್ತುವಾಗ ಇಂಜಿನ್ ಫ್ಯಾನ್ ಎಳೆಯೋ ಗಾಳಿ ಸಣ್ಣ ಮೋಟ್ರು ಎಳೆಯಲ್ಲ. ಅದನ್ನ ಇಟ್ಕೊಂಡೇ ಮುಂದೆ ಕಂಡೆನ್ಸರ್ ಹತ್ರ ಒಂದು 12 ಇಂಚಿನ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿ, ಟ್ರಾಫಿಕ್ಕಲ್ಲಿ ನಿಂತಾಗ, ಎಸಿ ಹಾಕಿದಾಗ ಸಹಾಯ. ಫಿನ್ ಮಧ್ಯೆ ಪ್ಲಾಸ್ಟಿಕ್ ಟ್ಯಾಗ್ ತೂರಿಸಿ ಕಟ್ಬೇಡಿ, ಉಜ್ಜಿ ಉಜ್ಜಿ ತೂತು ಬೀಳತ್ತೆ, ಪಟ್ಟಿ ಹಾಕಿ ಬಾಡಿ ಫ್ರೇಮಿಗೆ ಬೋಲ್ಟ್ ಮಾಡಿ. ವೈರಿಂಗ್ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು) ಮೂಲಕನೇ ಆಗ್ಬೇಕು, ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ನೇರ ಕೊಟ್ರೆ ಸ್ವಿಚ್ ಕರಗತ್ತೆ. 40 ಆಂಪ್ ರಿಲೇ ತನ್ನಿ, ಅದ್ರ ಕಾಲಿನ ಹತ್ರ ನಂಬರ್ ಇರತ್ತೆ. 30ಕ್ಕೆ ಬ್ಯಾಟರಿ ಪ್ಲಸ್, ಬ್ಯಾಟರಿ ಪಕ್ಕದಲ್ಲೇ 30 ಆಂಪ್ ಫ್ಯೂಸ್ ಹಾಕಿ. 87ರಿಂದ ಫ್ಯಾನಿಗೆ, 4 ಸ್ಕ್ವೇರ್ ಎಂಎಂ ವೈರು. 86ಕ್ಕೆ ಇಗ್ನಿಷನ್ ಆನ್ ಆದಾಗ ಮಾತ್ರ ಬರೋ ಕರೆಂಟು. 85ನ್ನ ಟೆಂಪರೇಚರ್ ಸ್ವಿಚ್ ಮೂಲಕ ಅರ್ಥಿಗೆ. ಹಚ್ಚಿದ ಮೇಲೆ ಗ್ರಿಲ್ ಮುಂದೆ ಒಂದು ಪೇಪರ್ ಹಿಡೀರಿ, ಪೇಪರ್ ಗ್ರಿಲ್ಲಿಗೆ ಅಂಟ್ಕೊಂಡ್ರೆ ಸರಿ, ಹಾರಿ ಬಂದ್ರೆ ಫ್ಯಾನ್ ಉಲ್ಟಾ ಸುತ್ತಿ ಇಂಜಿನ್ ಫ್ಯಾನ್ ಜೊತೆ ಜಗಳ ಆಡ್ತಿದೆ, ವೈರ್ ಅದಲು ಬದಲು ಮಾಡಿ.

ಮೊದಲನೇ ಲೋಡಲ್ಲಿ ಘಾಟಿ ಇಳಿದು ಗುಂಡ್ಯದಲ್ಲಿ ಟೀಗೆ ನಿಲ್ಲಿಸಿದಾಗ ಸಂದೀಲಿ ಕೈ ಹಾಕಿ ಡ್ರಮ್ ಮುಟ್ಬೇಡಿ, ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡ್ತೀವಲ್ಲ ಹಂಗೆ ಬೆರಳಲ್ಲಿ ಎರಡು ಹನಿ ಹಾಕಿ ನೋಡಿ. ಎಡ ಬಲ ಎರಡೂ ಒಂದೇ ಥರ ಚುಂಯ್ ಅನ್ಬೇಕು. ನನ್ನದು ಹಿಂದೆ ಬಲಗಡೆ ಹನಿ ಹಂಗೇ ಇಳಿದು ಹೋಯ್ತು, ಬಿಚ್ಚಿ ನೋಡಿದ್ರೆ ಲೈನರಿಗೂ ಡ್ರಮ್ಮಿಗೂ ಮಧ್ಯೆ ಗ್ಯಾಪ್ ಸೆಟ್ ಮಾಡೋ ಹಳೇ ಅಡ್ಜಸ್ಟರ್ ತುಕ್ಕು ಹಿಡಿದು ಲೈನರ್ ಡ್ರಮ್ಮಿಗೆ ತಾಗ್ತಾನೇ ಇರ್ಲಿಲ್ಲ.